ಹಿಂದಿನ ಬೆಂಚಿನ ಭಟ್ಟಿ

ಇಂಗಾಲಕ್ಕೆ ನಾಲ್ಕು ಕೈ, ಅಂದೆ.
ಬೋರ್ಡಿನ ಮೇಲೆ ಬರೆದೆ. ಸೀಮೆಸುಣ್ಣ ತೇವ ಹಿಡಿದಿತ್ತು,
ಮೂರನೇ ಕೈ ಮೂಡುವಷ್ಟರಲ್ಲಿ ಮುರಿಯಿತು.
ಜಲಜನಕಕ್ಕೆ ಒಂದೇ ಕೈ.
ಒಂದು ಇಂಗಾಲ, ನಾಲ್ಕು ಜಲಜನಕ: ಮೀಥೇನ್.
ಅಳಿವೆಯಾಚೆ ಕಂಪನಿಯ ಕೊಳವೆಯ ತುದಿಯಲ್ಲಿ
ಹಗಲಿರುಳು ಉರಿಯುವುದು ಹೆಚ್ಚೂಕಡಿಮೆ ಅದೇ.
ಈ ಮಕ್ಕಳು ಹುಟ್ಟಿದಾಗಿನಿಂದ
ಸರಿಯಾದ ಕತ್ತಲೆ ಕಂಡವರಲ್ಲ.

ಕೈಗೆ ಕೈ ಕೊಟ್ಟು ಇಂಗಾಲಗಳು ಸಾಲು ನಿಂತರೆ
ನಾಲ್ಕರವರೆಗೆ ಗಾಳಿ,
ಐದರಿಂದ ನೀರಿನಂತೆ ಹರಿದಾಟ,
ಹದಿನೆಂಟು ದಾಟಿದರೆ ಮೇಣ.
ಸಾಲು ಉದ್ದವಾದಷ್ಟೂ ಮೇಲೇಳಲು ಸೋಮಾರಿತನ;
ಅದಕ್ಕೇ ಕಾಯಿಸಬೇಕು, ಕಾಯಿಸಿ ಬೇರೆ ಮಾಡಬೇಕು.
ಮೊದಲು ಏಳುವುದು ಯಾವುದು, ಲೆಬಾರಿ?

ಹಿಂದಿನ ಬೆಂಚಿನಲ್ಲಿ ನಿದ್ದೆಹೋಗಿದ್ದವನು ಎದ್ದ.
ಎಡಹುಬ್ಬು ಸುಟ್ಟು ಚರ್ಮವಷ್ಟೇ ಉಳಿದಿತ್ತು.
ಪುಸ್ತಕ ಬ್ಯಾಗಿನಲ್ಲೇ ಇತ್ತು.

‘ಮೊದಲು ಬರೋದು ಕಣ್ಣಿಗೆ ಕಾಣಲ್ಲ, ಟೀಚರ್.
ಮೂಗು ಜುಮ್ಮೆನ್ನುತ್ತೆ, ತಲೆ ತೇಲುತ್ತೆ,
ಆಗ ದೂರ ಓಡಬೇಕು. ಕೆಲವರು ಓಡಲ್ಲ.
ಆಮೇಲೆ ಪೆಟ್ರೋಲು. ಆಮೇಲೆ ಸೀಮೆಎಣ್ಣೆ, ಅದನ್ನ ಅಮ್ಮ
ಎರಡು ಬೆರಳ ನಡುವೆ ಉಜ್ಜಿಯೇ ಹೇಳ್ತಾಳೆ.
ಆಮೇಲೆ ಚಹಾ ಬಣ್ಣದ ಡೀಸೆಲ್. ದುಡ್ಡು ಇರೋದು ಅದರಲ್ಲೇ.
ಉಳಿದದ್ದು...’

ಕಿಟಕಿಯತ್ತ ಕೈ ತೋರಿಸಿದ.
ಕಾಂಡ್ಲಾ ಗಿಡಗಳು ಮೊಣಕಾಲುದ್ದ ಕಪ್ಪಿನಲ್ಲಿ
ಸತ್ತು ನಿಂತಿದ್ದವು.

ಎಷ್ಟು ಡಿಗ್ರಿಗೆ? ಕೇಳಿದೆ.
‘ಗೊತ್ತಿಲ್ಲ. ಡ್ರಮ್ಮಿನ ಸದ್ದು ಬದಲಾಗುತ್ತೆ.’

ನಮ್ಮ ಎಣ್ಣೆಗೆ ಹೊರದೇಶದಲ್ಲಿ ಸಿಹಿ ಎಂದು ಹೆಸರು.
ಗಂಧಕ ಕಡಿಮೆ, ಅಷ್ಟೇ. ಹಿಂದಿನ ಕಾಲದಲ್ಲಿ
ನಾಲಿಗೆಗೆ ಹಚ್ಚಿ ನೋಡುತ್ತಿದ್ದರಂತೆ.
ಇದನ್ನು ಹೇಳಿದಾಗ ಚಿಕ್ಕಮ್ಮ ಬೋಮಾ
ಶಂಖದಹುಳು ಬಿಡಿಸುತ್ತಿದ್ದವಳು ನಕ್ಕೇ ನಕ್ಕಳು:
ಮೂರು ನೀರಲ್ಲಿ ತೊಳೆದರೂ ಸಾರು ದೀಪದ ಬುಡದಂತೆ ನಾರುತ್ತೆ,
ಸಿಹಿಯಂತೆ, ಸಿಹಿ!

ಯಾರದೂ ತಪ್ಪಿಲ್ಲ ಎನ್ನಲು ತುಂಬ ಹಿಂದೆ ಹೋಗಬೇಕು.
ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಪಾಚಿಗಳು
ಬಿಸಿಲು ತಿಂದವು, ಸತ್ತವು, ಕೆಸರಿಗಿಳಿದವು.
ಅತ್ತವರಿಲ್ಲ, ಹೂತವರಿಲ್ಲ.
ಮೇಲೆ ಮಣ್ಣು, ಅದರ ಮೇಲೆ ಮತ್ತೆ ಮಣ್ಣು,
ಒಲೆಯಿಲ್ಲದೆ ಬೆಂದ ಕೋಟಿ ಕೋಟಿ ವರ್ಷ.
ಆ ಹಳೆಯ ಬಿಸಿಲನ್ನು ಈ ಹುಡುಗ
ರಾತ್ರಿ ಎರಡಕ್ಕೆ ಒಂದು ಡ್ರಮ್ಮಿಗೆ ಸುರಿದು
ಕೆಳಗೆ ಅದರದೇ ಬೆಂಕಿ ಇಡುತ್ತಾನೆ.

ಪರೀಕ್ಷೆಯ ದಿನ ಕರೆಂಟು ಹೋಯಿತು.
ಜವಾನ ಜನರೇಟರಿನ ಹಗ್ಗ ಎಳೆದ,
ಅದು ಕೆಮ್ಮಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು.
ಲೆಬಾರಿ ತಲೆಯೆತ್ತಿ, ಕಿವಿಗೊಟ್ಟು,
ಒಂಚೂರು ನಕ್ಕು ಮತ್ತೆ ಬರೆಯತೊಡಗಿದ.
ಡೀಸೆಲ್ ಎಲ್ಲಿಂದ ತರುತ್ತೇವೆಂದು ಹೆಡ್‌ಮಾಸ್ಟರರಿಗೆ ಗೊತ್ತು.
ನನಗೂ ಗೊತ್ತು.

ಆಸವನ ಉಪಕರಣದ ಚಿತ್ರ ಬರೆಯಿರಿ. ಐದು ಅಂಕ.
ಅವನು ಬರೆದದ್ದು: ಎರಡು ಡ್ರಮ್ಮು, ನಡುವೆ ಕೊಳವೆ,
ತಂಪಿಗೆ ನೀರಿನ ದೋಣಿ, ಒಂದು ಕೊಡ,
ದೂರದಲ್ಲಿ ಕಡ್ಡಿಯಂಥ ಮನುಷ್ಯ, ಪಕ್ಕದಲ್ಲಿ ‘ಇಲ್ಲಿ ನಾನು’.
ತಾಪಮಾಪಕ ಇರಬೇಕಾದ ಜಾಗದಲ್ಲಿ
ಒಂದು ಕಿವಿ.

ಕಂಪನಿಯ ಬೆಂಕಿಯ ಬೆಳಕಿಗೆ ಹಾಳೆ ಹಿಡಿದು
ತುಂಬ ಹೊತ್ತು ಕೂತೆ.
ತಾಪಮಾಪಕ ನಮ್ಮ ಪ್ರಯೋಗಾಲಯದಲ್ಲೂ ಇಲ್ಲ,
ಪೋರ್ಟ್ ಹಾರ್ಕೋರ್ಟಿಗೆ ಮೂರು ಪತ್ರ ಬರೆದಾಯಿತು.
ಕಿವಿಗೆ ಅರ್ಧ ಅಂಕ ಕೊಟ್ಟೆ. ಹೊಡೆದುಹಾಕಿದೆ.
ಒಂದು ಕೊಟ್ಟೆ.

ಶನಿವಾರ ಸೈನ್ಯದ ದೋಣಿಗಳು ಬಂದು
ಅಳಿವೆಯ ಭಟ್ಟಿಗಳಿಗೆಲ್ಲ ಬೆಂಕಿಯಿಟ್ಟವು.
ಎರಡು ದಿನ ಒಣಹಾಕಿದ ಬಟ್ಟೆಯ ಮೇಲೆ ಮಸಿ.

ಸೋಮವಾರ ಲೆಬಾರಿ ನಿದ್ದೆ ಮಾಡಲಿಲ್ಲ.
ಮೈಯಿಂದ ಸೋಪಿನ ವಾಸನೆ. ಹೊರಗೆ ಜನರೇಟರು ತಣ್ಣಗೆ.
ಬೆಂಜೀನು ಬರೆದಿದ್ದೆ, ಆರು ಇಂಗಾಲದ ಉಂಗುರ.
ಅವನೇ ಕೈಯೆತ್ತಿದ:
ಆಚೆಗೊಂದು, ಈಚೆಗೊಂದು, ಜಲಜನಕಕ್ಕೊಂದು.
ನಾಲ್ಕನೆಯ ಕೈ ಏನು ಮಾಡುತ್ತೆ, ಟೀಚರ್?

ಅದು ಮುಂದಿನ ವರ್ಷದ ಪಾಠ, ಅಂದೆ.
ಅವನು ಕೂರಲಿಲ್ಲ.