ಕೊಂಡರು

ಬ್ಯಾಂಕಿನಲ್ಲಿ ಏಳು ವಾರದ ಸಂಬಳ ಉಳಿದಿತ್ತು.
ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ
ಡಂಡೀ ಊರಿನ ಪಬ್ಬುಗಳಲ್ಲಿ ಈಗ ಹೇಳುವ ಕತೆ
ಶುರುವಾಗುವುದೇ ಕೋಟು ತೊಟ್ಟವರು ಬಂದ ದಿನದಿಂದ.
ಲೆಕ್ಕ ಬರೆಯುತ್ತಿದ್ದವಳು ನಾನು.
ನನ್ನ ಕತೆ ಆ ಏಳರಿಂದ ಶುರು.

ಒಂದು ಕಾಲಕ್ಕೆ ಗೋಣಿ ನೇಯುತ್ತಿದ್ದ ಗಿರಣಿಯ ಮೂರನೆ ಮಹಡಿ,
ಹದಿನಾಲ್ಕು ಮಂದಿ, ಒಂದು ಕೆಟಲು,
ಟೇ ನದಿಗೆ ಮುಖಮಾಡಿದ ಒಂದೇ ಕಿಟಕಿ.
ಇಶ್ಬೆಲ್ ಅಲ್ಲಿ ನಿಂತೇ ಮಂಜನ್ನು ಬರೆದುಕೊಂಡಳು,
ಕಡಲಿಂದ ತೆವಳಿ ಬರುವ ಮಂಜು.
ಬಿಳಿಯಲ್ಲ ಅದು, ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣ ಎಂದು
ಸ್ಟ್ರೂಅನ್ ಜೊತೆ ಆರು ತಿಂಗಳು ಜಗಳವಾಡಿದಳು.
ಆ ಆರು ತಿಂಗಳನ್ನು ನಾನು
'ಇತರೆ ಖರ್ಚು' ಎಂದು ಬರೆದೆ.

ಆಟ ಇಷ್ಟೇ: ಸೇತುವೆ ಬರುವ ಮುಂಚಿನ ಕೊನೆಯ ಬೇಸಿಗೆ,
ಒಬ್ಬಳು ಅಂಬಿಗಿತ್ತಿ, ಒಂದು ದೋಣಿ, ದಾಟಿಸಬೇಕಾದ ಜನ.
ಯಾರನ್ನೂ ಹೊಡೆಯುವಂತಿಲ್ಲ, ಏನನ್ನೂ ಗೆಲ್ಲುವಂತಿಲ್ಲ.
ಆಚೆ ದಡದಲ್ಲಿ ಒಂದು ಕಲ್ಲುಬೆಂಚು.
ಕೂತರೆ ಏನೂ ಆಗುವುದಿಲ್ಲ.
ಆ ಏನೂ ಆಗದ್ದಕ್ಕೆ ಬೋಗ್ನಾ ಸದ್ದು ಕೊಟ್ಟಳು:
ಒದ್ದೆ ಹಗ್ಗ ಕಂಬಕ್ಕೆ ಉಜ್ಜುವ ಸದ್ದು.
ಮೂರು ರಾತ್ರಿ ಧಕ್ಕೆಯಲ್ಲಿ ಮೈಕು ಹಿಡಿದು ಕೂತು ತಂದದ್ದು,
ಜ್ವರ ಸಮೇತ.

ಕೊಳ್ಳಲು ಬಂದವನು ರಾಕ್ಷಸನಲ್ಲ.
ಹೆಸರು ಯೋರಿಸ್, ರಾಟರ್‌ಡ್ಯಾಮಿನವನು.
ಮಗಳನ್ನು ತೊಡೆಯ ಮೇಲಿಟ್ಟುಕೊಂಡು
ಆ ಬೆಂಚಿನಲ್ಲಿ ತಾನೂ ಕೂತಿದ್ದೆನೆಂದ. ಸುಳ್ಳಲ್ಲ,
ಹಗ್ಗದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ.
ಎಲ್ಲರ ಹಲ್ಲಿಗೂ ವಿಮೆ, ಹೊಸ ಕುರ್ಚಿ,
ಅವಳಿ ಮಕ್ಕಳು ಹುಟ್ಟಲಿದ್ದ ಸ್ಟ್ರೂಅನ್‌ಗೆ ಸಂಬಳ ಸಹಿತ ರಜೆ.
ಸಹಿ ಹಾಕಿ ಎಂದವಳು ನಾನೇ.
ಹಾಕದಿದ್ದರೆ ಎಂಟನೆ ವಾರ ಬೀಗ.

ಮೊದಲ ವರ್ಷ ಚೆನ್ನಾಗಿಯೇ ಇತ್ತು.
ಇದನ್ನೂ ಯಾರೂ ಹೇಳುವುದಿಲ್ಲ.

ಎರಡನೆ ವರ್ಷ ಬಣ್ಣದ ನಕ್ಷೆಯೊಂದು ಬಂತು,
ಆಡುವವರು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು.
ಬೆಂಚಿನ ಹತ್ತಿರ ಕೆಂಡದ ಕೆಂಪು: ಹನ್ನೊಂದು ನಿಮಿಷ.
ಹನ್ನೊಂದು ನಿಮಿಷ ಅಲ್ಲಿ ಏನು ಮಾಡುತ್ತಾರೆ?
ಕೇಳಿತು ಪರದೆಯೊಳಗಿನ ಹೊಸ ಮುಖ.
ಯೋರಿಸ್ ಆಗಲೇ ಬೇರೆ ಕಂಪನಿ ಸೇರಿದ್ದ.
ಏನೂ ಇಲ್ಲ, ಎಂದಳು ಇಶ್ಬೆಲ್.
ಹಾಗಾದರೆ ಜಾಗ ಖಾಲಿ ಇದೆಯಲ್ಲ, ಎಂದಿತು ಮುಖ.

ಬೆಂಚಿನ ಪಕ್ಕ ಅಂಗಡಿ ಎದ್ದಿತು.
ದೋಣಿಗೆ ಚಿನ್ನದ ಹುಟ್ಟು,
ಅಂಬಿಗಿತ್ತಿಗೆ ಹದಿನಾರು ಬಗೆಯ ಟೋಪಿ.
ಜಮಾದ ಕಡೆಗೆ ಅಷ್ಟು ದೊಡ್ಡ ಅಂಕಿಯನ್ನು
ನಾನು ಹಿಂದೆಂದೂ ಬರೆದಿರಲಿಲ್ಲ.
ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ?
ಮರುವರ್ಷ ಮಾರ್ಚಿನಲ್ಲಿ ಹದಿನಾಲ್ಕು ಮಂದಿಗೂ ಒಂದೇ ಕಾಗದ.
ಬೋಗ್ನಾಳ ಹೆಸರು ಅದರಲ್ಲಿ ತಪ್ಪಾಗಿತ್ತು.

ಕೊಂಡರು, ಎಂದು ಪುಸ್ತಕದಲ್ಲಿ ಬರೆದವಳು ನಾನು.
ಕೊಂದರು, ಎಂದು ಓದುತ್ತದೆ ಊರು.
ನಾಲಗೆ ಮಡಚಿ ಅಂಗುಳಕ್ಕೆ ಮುಟ್ಟಿದರೆ ವ್ಯಾಪಾರ,
ಹಲ್ಲಿಗೆ ತಾಗಿದರೆ ಕೊಲೆ,
ನಡುವೆ ಇರುವುದು ಅರ್ಧ ಬೆರಳಿನಷ್ಟು ಬಾಯಿ.
ನನ್ನನ್ನು ಕೇಳಿದರೆ ಬಾಯೇ ಕಟ್ಟುತ್ತದೆ.
ಏಳು ವಾರಕ್ಕೆ ಸಾಯಬೇಕಾದದ್ದು ಮೂರು ವರ್ಷ ಬದುಕಿತು;
ಲೆಕ್ಕದಲ್ಲಿ ಅದು ಲಾಭ.
ಆದರೆ ಏಳು ವಾರಕ್ಕೇ ಸತ್ತಿದ್ದರೆ
ಬೆಂಚು ಬೆಂಚಾಗಿಯೇ ಸಾಯುತ್ತಿತ್ತು.
ಸ್ಟ್ರೂಅನ್‌ನ ಅವಳಿಗಳು ಈಗ ಓಡುತ್ತವೆ,
ಅವುಗಳ ಎದುರು ಇದನ್ನು ಹೇಳಲಾರೆ.

ಬೋಗ್ನಾ ಲಿಫ್ಟುಗಳಿಗೆ ಸದ್ದು ಮಾಡುತ್ತಾಳಂತೆ, ಗ್ಲಾಸ್ಗೋದಲ್ಲಿ.
ಇಶ್ಬೆಲ್ ಫೋನು ಎತ್ತುವುದಿಲ್ಲ.

ನನ್ನ ಹಳೆ ಕಂಪ್ಯೂಟರಿನಲ್ಲಿ
ಅಂಗಡಿ ಏಳುವ ಮುಂಚಿನ ಆಟ ಇನ್ನೂ ಇದೆ.
ಇಟ್ಟುಕೊಳ್ಳುವಂತಿಲ್ಲ. ಕರಾರಿನ ಹದಿನೇಳನೆ ಕಲಮು,
ಬೆರಳಚ್ಚು ಮಾಡಿದವಳು ನಾನೇ.
ಭಾನುವಾರ ದೋಣಿ ದಾಟಿಸಿ ಹೋಗಿ ಕೂರುತ್ತೇನೆ.
ಮಂಜು ಬರುತ್ತದೆ, ಹಾಲು ತೊಳೆದ ನೀರು.
ಹಗ್ಗ ಉಜ್ಜುತ್ತದೆ.
ಎಷ್ಟು ಹೊತ್ತು ಎಂದು
ಎಣಿಸುವುದಿಲ್ಲ.