ನೈಲಾನಿಗೆ ನೀರು

ಉದ್ಯಮಬಾಗದಾಗ ನನ್ನ ಶೆಡ್ಡಿಗೂ ದಸ್ತಗೀರ ಮುಜಾವರರ ಶೆಡ್ಡಿಗೂ ನಡುವ
ಒಂದ ಇಟ್ಟಂಗಿ ಗ್ವಾಡಿ.
ಒಂಬತ್ತು ವರ್ಷ ಅವರ ಮಾರಿಗಿಂತ
ಅವರ ಮಷಿನ್ನಿನ ಸಪ್ಪಳ ಹೆಚ್ಚು ಬಲ್ಲೆ:
ಡೈ ಮುಚ್ಚಿದ್ದು, ತುಂಬಿದ್ದು,
ತಣ್ಣಗಾಗೂ ತನಕ ಉಸಿರು ಹಿಡದದ್ದು,
ತೆರೆದು, ಡಬ್ಬಿಯೊಳಗ ಟಪ್ಪಂತ ಮಾಲು ಬಿದ್ದದ್ದು.
ಎದುರಾದ್ರ ಗೋಣು ಹಾಕೂದು, ಅಷ್ಟ.
ಒಬ್ಬ ಗಿರಾಕಿಗೆ ಇಬ್ಬರೂ ರೇಟು ಕೊಡವರು,
ಮಾತೇನು ಇರತದ?

ಆ ಆಷಾಢದಾಗ ವಡಗಾವಿ ಮಗ್ಗದವರು
ನನ್ನ ಕಂಡಿಕಿ ಚೀಲಗಟ್ಟಲೆ ತಂದು ಬಾಗಲಾಗ ಸುರುವಿದ್ರು.
ಶಟಲ್ಲಿನಾಗ ಎರಡು ದಿವಸ ಓಡಿ ಬುಡಕ್ಕ ಸೀಳಿದ್ವು.
ಮೈಮ್ಯಾಲ ಬೆಳ್ಳಿ ಗೆರಿ,
ಬಸವನಹುಳ ಹಾದು ಹೋದಂಗ.
"ಅಕ್ಕಾರ, ಇದು ಕಂಡಿಕಿ ಅಲ್ಲ, ಹಪ್ಪಳ,"
ಅಂದ ಗಜಾನನ ಗುಂಜೇರಿ. ನಗಲಿಲ್ಲ ಅವ.

ಉಷ್ಣ ಏರಿಸಿದೆ. ಒತ್ತಡ ಏರಿಸಿದೆ.
ಡೈ ಮಾಡಿದವಗ ಬೈದೆ, ಹುಡುಗರಿಗೆ ಬೈದೆ,
ದಾಣಿ ಮಾರಿದ ಮುಂಬೈಯವಗ ಫೋನಿನಾಗ ಬೈದೆ.
ಬೈಸಿಕೊಳ್ಳಾಕ ಉಳಿದಾಕಿ ನಾನೊಬ್ಬಾಕಿ.

ಪ್ಲಾಸ್ಟಿಕ್ ತಂತ್ರಜ್ಞರ ಸಂಘದ ಪಾವತಿ ಪುಸ್ತಕ ಹಿಡಕೊಂಡು
ಪದ್ಮಣ್ಣ ಉಪಾಧ್ಯೆ ಮೂರನೇ ಸಲ ಬಂದಿದ್ರು.
ಎರಡು ಸಾವಿರದ ಇನ್ನೂರು.
ಅಷ್ಟರಾಗ ಒಂದು ಹೀಟರ್ ಬ್ಯಾಂಡ್ ಬರತದ.
ಸಂಘ ಅಂದ್ರ ಶಾಲು, ಹಾರ, ಸಾಲಾಗಿ ನಿಂತು ಫೋಟೊ
ಅಂತ ತಿಳಕೊಂಡಾಕಿ ನಾ;
ಅವರನ್ನ ಕಳಿಸಿದ್ರ ಸಾಕಂತ ರೊಕ್ಕ ಕೊಟ್ಟೆ.

ಮೂರನೇ ಶನಿವಾರ, ಖಾನಾಪುರ ರಸ್ತೆ, ಕ್ಯಾಂಟೀನಿನ ಮ್ಯಾಲಿನ ಖೋಲಿ.
ಪುಣೆಯವರೊಬ್ಬರು ತೆರೆಮ್ಯಾಲ ಗೆರಿ ಏರಿಸಿ ಇಳಿಸಿ
ತಾಸಗಟ್ಟಲೆ ಮಾತಾಡಿದ್ರು. ಆಕಳಿಸಿದೆ.
ಆಮ್ಯಾಲ ಉಪ್ಪಿಟ್ಟು ಬಂತು,
ಅದರಾಗ ಪ್ಲಾಸ್ಟಿಕ್ ಚಮಚ.
ತುತ್ತು ಎತ್ತೂಕಿಂತ ಮೊದಲ
ಇಡೀ ಖೋಲಿ ಚಮಚ ತಿರುವಿ
ಗೇಟಿನ ಗುರುತು ಎಲ್ಲದ ಅಂತ ನೋಡಿತು.

ಮದುವಿ ಮನ್ಯಾಗ ಇದ ಚಟಕ್ಕ
ಬೀಗರ ಕಡೆಯಿಂದ ಅನ್ನಿಸಿಕೊಂಡಾಕಿ ನಾ.
ಕುರ್ಚಿ ಮುಂದ ಎಳಕೊಂಡೆ.

ಚೀಲದಿಂದ ಸೀಳಿದ ಕಂಡಿಕಿ ತಗದಿಟ್ಟೆ.
ಹಡದಾಕಿ ಕೂಸು ಕೊಟ್ಟಂಗ
ಅದು ಮಡಲಿಂದ ಮಡಲಿಗೆ ಹೋತು.
ಒಬ್ಬರು ಬಾಗಿಸಿದ್ರು, ಒಬ್ಬರು ಮೂಸಿದ್ರು,
ಒಬ್ಬರು ಕನ್ನಡಕ ಹಣಿಗೆ ಏರಿಸಿ ಬಾಳ ಹೊತ್ತು ಸುಮ್ಮನ ಕುಂತ್ರು.
"ದಾಣಿ ಎಲ್ಲಿ ಒಣಗಸ್ತೀರಿ?"
ದಸ್ತಗೀರರ ದನಿ. ಮೊದಲ ಸಲ ಗ್ವಾಡಿ ಇಲ್ಲದ ಕೇಳಿದ್ದು.
"ಬಿಸಲಾಗ."
"ಬೆಳಗಾವ್ಯಾಗ, ಆಷಾಢದಾಗ, ಬಿಸಲು?"
ಎಲ್ಲಾರೂ ನಕ್ರು. ನಾನೂ.

"ಮುಚ್ಚಿದ ಹಾಪರಿನಾಗ ಎಂಬತ್ತು ಡಿಗ್ರಿ, ನಾಕು ತಾಸು.
ಮಾಲು ಇಳದ ಮ್ಯಾಲ ಬಿಸಿನೀರಾಗ ಹಾಕಿಡ್ರಿ."
"ಒಣಗಿಸಿ, ಮತ್ತ ನೀರಾಗ?"
"ಕರಗೂ ಮುಂದ ಒಳಗ ನೀರಿದ್ರ
ಅದರ ಸರಪಳಿ ಹರೀತದ ಅಕ್ಕಾರ.
ಗಟ್ಟಿ ಆದ ಮ್ಯಾಲ ಕುಡದ ನೀರು
ಬಾಗೂದು ಕಲಸ್ತದ."

ಒಂಬತ್ತು ವರ್ಷ
ಈ ಮಾತು ನನ್ನಿಂದ ಒಂದ ಇಟ್ಟಂಗಿ ದೂರ ಇತ್ತು.
ಅವರು ಮುಚ್ಚಿಟ್ಟಿರಲಿಲ್ಲ.
ನಾ ಕೇಳಿರಲಿಲ್ಲ.

ಈಗ ಸಂಘದ ಕಾರ್ಡು ಡ್ರಾವರಿನಾಗದ.
ಶೆಡ್ಡಿನ ಬೋರ್ಡಿನಮ್ಯಾಲ ಇನ್ನೂ ನಮ್ಮವರ ಹೆಸರು,
ಅವರು ಹೋಗಿ ಹತ್ತು ವರ್ಷಾತು.
ಕಾರ್ಡಿನಾಗ ಮಾತ್ರ:
ಕಸ್ತೂರಿ ಹುದ್ದಾರ, ಮೋಲ್ಡರ್, ಸಂಖ್ಯೆ ನಲವತ್ತಮೂರು.

ಎಲ್ಲಾ ಬೆಲ್ಲ ಅಂತೇನಿಲ್ಲ. ವರ್ಷಾ ವಂತಿಗಿ ಏರತದ,
ಭಾಷಣಕ್ಕ ಇನ್ನೂ ಆಕಳಿಕಿ ಬರತದ,
ರೇಟು ಮಾತ್ರ ನಾ ಅವರಿಗೆ ಹೇಳಂಗಿಲ್ಲ, ಅವರು ನನಗ.

ರಾತ್ರಿ ನನ್ನ ಮಷಿನ್ ನಿಂತ ಮ್ಯಾಲ
ಬೋಗುಣಿಯಾಗ ಕಂಡಿಕಿ ನೀರು ಕುಡಕೊಂತ ಬಿದ್ದಿರತಾವ.
ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಎಣಸ್ತೀನಿ:
ಮುಚ್ಚಿತು, ತುಂಬಿತು, ತಡೀತು, ಟಪ್.
ಇಪ್ಪತ್ತೆಂಟು ಸೆಕೆಂಡು.
ಎರಡು ಸೆಕೆಂಡು ಸುಳ್ಳ ತಣಸ್ತಾರ ದಸ್ತಗೀರರು.
ಶನಿವಾರ ಹೇಳಬೇಕು.