ಮೌಲ್ಯಮಾಪನದ ಹಾಳೆ

ವಾಲ್ಪರೈಸೊದ ಗುಡ್ಡದ ತುದಿಗೆ ನೀರಿನ ಲಾರಿ ಬರುವುದು ಮಂಗಳವಾರ.
ನಮ್ಮ ಕ್ಷೇತ್ರಪಾಠವೂ ಅವತ್ತೇ.

ಯಾನಿನಾ ತಂದಿದ್ದಳು ನಲವತ್ತೆರಡು ಪ್ರಶ್ನೆ,
ಕ್ಲಿಪ್ಪು ಕಚ್ಚಿದ ಹಲಗೆ, ಹೊಸ ಬೂಟು.
ಮೊದಲನೆಯದು: ‘ನಿಮ್ಮ ಸಮುದಾಯದ ಅಗತ್ಯಗಳೇನು?’
ದೋನ್ಯಾ ಎರ್ಸಿಲಿಯಾ ಉತ್ತರಿಸಲಿಲ್ಲ,
ತುಂಬಿದ ಬಕೆಟ್ಟಿನ ಹಿಡಿಯನ್ನು ಅವಳ ಕೈಗಿಟ್ಟಳು.

ಇನ್ನೂರ ಹದಿನಾಲ್ಕು ಮೆಟ್ಟಿಲು.
ನಾನು ಕೆಳಗೇ ನಿಂತೆ, ಪಾಠ ಹೇಳುವವನು,
ಇಪ್ಪತ್ತು ವರ್ಷದಿಂದ ‘ಸಹಭಾಗಿತ್ವ’ವನ್ನು
ದುಂಡಗೆ ಬೋರ್ಡಿಗೆ ಬರೆದು ಒರೆಸಿದವನು.

ಜೂನ್ ಬಂತು, ಕಡಲಿನಿಂದ ಮಂಜೆದ್ದಿತು.
ಪ್ರಶ್ನೆಗಳು ಹನ್ನೊಂದಕ್ಕಿಳಿದವು;
ಆಮೇಲೆ ಆ ಹಲಗೆ
ಕೋಳಿಗೂಡಿನ ಬಾಗಿಲಾಯಿತು.
ಲಾರಿಯ ಹೊತ್ತು ಬದಲಿಸಿ ಎಂದು ನಗರಸಭೆಗೆ ಹೋದ ಅರ್ಜಿ
ಯಾನಿನಾಳದ್ದಲ್ಲ. ಕಾಗುಣಿತ ತಿದ್ದಿದಳು,
ಅದೂ ಕೇಳಿದ ಮೇಲೆ.

ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಹಾಳೆ:
‘ವಿದ್ಯಾರ್ಥಿನಿಯ ಸಾಮರ್ಥ್ಯ, ಏಳಕ್ಕೆ ಎಷ್ಟು?’
ತುಂಬಬೇಕಾದವನು ನಾನು.
ಗುಡ್ಡಕ್ಕೆ ಕಳಿಸಿಬಿಟ್ಟೆ.

ಮರಳಿ ಬಂದಾಗ ಒಂದು ಮೂಲೆ ಒದ್ದೆ,
ಅಂಕದ ಜಾಗ ಖಾಲಿ.
ಕೆಳಗೆ ಪೆನ್ಸಿಲಿನಲ್ಲಿ, ಒತ್ತಿ ಒತ್ತಿ:
‘ಮೊದಮೊದಲು ಅರ್ಧ ಬಕೆಟ್ಟು ಚೆಲ್ಲುತ್ತಿದ್ದಳು,
ಈಗ ಕಡಿಮೆ.
ಮೇಷ್ಟ್ರನ್ನೂ ಒಂದು ಮಂಗಳವಾರ ಮೇಲೆ ಕಳಿಸಿ.’